ತೊಗಲುಗೊಂಬೆಯಾಟದಲ್ಲಿ ಆಶುಸಂಭಾಷಣೆ

ಛಾಯಾನಾಟಕವೆಂದೊಡನೆ ಪಂಡಿತರು ಸುಭಟನ ‘ದೂತಾಂಗದ’ವನ್ನು ನೆನೆಯುವರು. ಅದು ಬರೆದಿಟ್ಟ ಕೃತಿ. ಕೊಪ್ಪಳ ಸೀಮೆಯ ಶಿಳ್ಳೇಕ್ಯಾತರ ತೊಗಲುಗೊಂಬೆಯಾಟದ ಕ್ರಮವೇ ಬೇರೆ. ಇಲ್ಲಿ ಕಥೆ ರಾಮಾಯಣ ಭಾರತಗಳದು, ಹಾಡುಗಳು ಪರಂಪರೆಯವು; ಸಂಭಾಷಣೆ ಮಾತ್ರ ಬಹುಮಟ್ಟಿಗೆ ಆಶುವಾಗಿ ಹುಟ್ಟತಕ್ಕದ್ದು. ದೀಪಕ್ಕೂ ಬಿಳಿಯ ಪರದೆಗೂ ನಡುವೆ ಗೊಂಬೆಯನ್ನಾಡಿಸುವವರೇ ನುಡಿಯನ್ನೂ ಹುಟ್ಟಿಸುವರು. ನೋಟಕರ ನಗೆಯನ್ನರಿತು ಕಿಳ್ಳೇಕ್ಯಾತ ಬಂಗಾರಕ್ಕರ ಜಗಳವನ್ನು ಹಿಗ್ಗಿಸುವರು, ಕುಗ್ಗಿಸುವರು. ಶಬ್ದಶುದ್ಧಿಯನ್ನೇ ಅರಸುವವರು ಈ ಜಗಳವನ್ನು ಗ್ರಾಮ್ಯವೆಂದು ಕಡೆಗಣಿಸಬಹುದು. ಆದರೆ ಆಟದ ಜೀವವಿರುವುದು ಅಲ್ಲಿಯೇ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಈ ವಿದ್ಯೆಯಲ್ಲಿಯೇ ಆಯುಷ್ಯವನ್ನು ಸವೆಸಿದವರು. ಅಮೆರಿಕ, ಫ್ರಾನ್ಸ್, ಇಟಲಿ, ಇರಾನ್ ಮೊದಲಾದ ದೇಶಗಳಲ್ಲಿಯೂ ಆಟವಾಡಿದ ಅವರಿಗೆ 2025ರಲ್ಲಿ, 96ರ ವಯಸ್ಸಿನಲ್ಲಿ, ಪದ್ಮಶ್ರೀ ಪ್ರಶಸ್ತಿ ಲಭಿಸಿತು. ಕನ್ನಡವರಿಯದ ಸಭೆಗೆ ಮಾತು ದಾಟದು. ವರ್ಣ, ಚಲನೆ, ಸ್ವರಗಳೇ ಅಲ್ಲಿ ರಸವನ್ನು ಮುಟ್ಟಿಸಬೇಕು. ಆಶುಮಾತಿನ ಪೂರ್ಣಸ್ವಾದಕ್ಕೆ ಊರ ಜನರೇ ಅಧಿಕಾರಿಗಳು. ಆದುದರಿಂದ ಆಟವನ್ನು ಬರೆದಿಡಹೊರಟವರು ಒಂದು ರಾತ್ರಿಯ ಪಾಠವನ್ನೇ ಮೂಲವೆಂದು ಮುದ್ರಿಸಲಾಗದು. ಅದೇ ಕಲಾವಿದರು ಅದೇ ಕಥೆಯನ್ನು ಬೇರೊಂದು ಊರಿನಲ್ಲಿ ಆಡಿದ ಪಾಠವನ್ನೂ ಪಕ್ಕದಲ್ಲಿಡತಕ್ಕದ್ದು. ಸಭೆ ನಕ್ಕ ಸ್ಥಳಗಳನ್ನೂ ಗುರುತಿಸತಕ್ಕದ್ದು.