ಮರಿಹುಳುವಿನೊಳಗಿನ ಕಣ್ಣು

ಕಳಿತ ಪಚ್ಚಬಾಳೆಗೆ ಮುತ್ತುವ ಪುಟ್ಟ ನೊಣ ಡ್ರೋಸೊಫಿಲಾ. ಮಾವು, ಸೀಬೆಗಳನ್ನು ಒಳಗಿನಿಂದ ಕೆಡಿಸುವ ತೋಟದ ನೊಣ ಬೇರೆ. ಇದಕ್ಕೆ ಬೇಕಾದದ್ದು ಹಣ್ಣು ಹುಳಿತಾಗ ಬೆಳೆಯುವ ಯೀಸ್ಟ್. ಗಾಜಿನ ಶೀಶೆಯಲ್ಲಿ ಹಣ್ಣಿನ ಚೂರು ಇಟ್ಟು, ನಾಲ್ಕಾರು ನೊಣ ಒಳಹೊಕ್ಕ ಮೇಲೆ ಬಾಯಿಗೆ ತೆಳುಬಟ್ಟೆ ಕಟ್ಟಿದರೆ ಆಯಿತು. ಮುಂದಿನದಕ್ಕೆ ಭೂತಗನ್ನಡಿ ಸಾಕು, ತಾಳ್ಮೆ ಬೇಕು. 25 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಮೊಟ್ಟೆಯಿಂದ ನೊಣದವರೆಗಿನ ಪಯಣ ಸುಮಾರು ಹತ್ತು ದಿನದ್ದು.

ಮೊಟ್ಟೆ ಒಂದೇ ದಿನದಲ್ಲಿ ಒಡೆಯುತ್ತದೆ. ಮರಿಹುಳುವಿನ ಮೈ ಪಾರದರ್ಶಕ. ಎರಡು ಬೆಳ್ಳಿಗೆರೆಗಳಂತೆ ಕಾಣುವುದು ಉಸಿರಿನ ನಾಳಗಳು. ಬಾಯಿಯ ಕಪ್ಪು ಕೊಕ್ಕೆಗಳಿಗೆ ಬಿಡುವೇ ಇಲ್ಲ, ಹಣ್ಣನ್ನು ಕೆರೆಯುತ್ತಲೇ ಇರುತ್ತವೆ. ಬೆಳಕು ಸರಿಯಾಗಿ ಬಿದ್ದರೆ ಬೆನ್ನಿನ ಹಿಂಭಾಗದಲ್ಲಿ ಹೃದಯ ಮಿಡಿಯುವುದೂ ಕಾಣುತ್ತದೆ. ಟಿನ್‌ಮ್ಯಾನ್ ಎಂಬ ವಂಶವಾಹಿ ಕೆಟ್ಟರೆ ಈ ಹೃದಯ ಮೂಡುವುದೇ ಇಲ್ಲ. ಅದರ ನಂಟಿನ ವಂಶವಾಹಿ ನಮ್ಮಲ್ಲೂ ಇದೆ. ಅದರಲ್ಲಿ ದೋಷವಿದ್ದರೆ ಮಗು ಹೃದಯದ ಗೋಡೆಯಲ್ಲಿ ರಂಧ್ರವಿಟ್ಟುಕೊಂಡು ಹುಟ್ಟಬಹುದು.

ಈ ಹುಳುವಿಗೆ ಕಾಲಿಲ್ಲ, ರೆಕ್ಕೆಯಿಲ್ಲ, ಹೊರಗೆ ಕಾಣುವ ಕಣ್ಣೂ ಇಲ್ಲ. ಆದರೆ ಎಲ್ಲವೂ ಒಳಗೆ ಮಡಚಿಕೊಂಡು ಕೂತಿವೆ, ಚಪ್ಪಟೆ ಬಿಲ್ಲೆಗಳಾಗಿ. ರೆಕ್ಕೆಗೆ ಒಂದು ಜೊತೆ, ಕಾಲುಗಳಿಗೆ ಮೂರು, ಕಣ್ಣು ಮತ್ತು ಕುಡಿಮೀಸೆಗೆ ಸೇರಿ ಒಂದು. ಇವನ್ನು ನೋಡಲು ಹುಳುವನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ಇಡಬೇಕು.

ಮರಿಹುಳುವಿನ ಕೊನೆಯ ಹಂತದಲ್ಲಿ ಕಣ್ಣಿನ ಬಿಲ್ಲೆಯ ಹಿಂಬದಿಯಂಚಿನಲ್ಲೊಂದು ಸಣ್ಣ ತಗ್ಗು ಮೂಡಿ ಮುಂದಕ್ಕೆ ಸರಿಯತೊಡಗುತ್ತದೆ. ಅದು ದಾಟಿಹೋದ ಜಾಗದಲ್ಲಿ, ಎರಡು ಚುಕ್ಕಿಗಳ ನಡುವಿನ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವ ರಂಗೋಲಿಯ ಹಾಗೆ, ಜೀವಕೋಶಗಳ ಗುಂಪುಗಳು ಅಚ್ಚುಕಟ್ಟಾಗಿ ನಿಲ್ಲುತ್ತವೆ. ಸಾಲಿಗೆ ಸುಮಾರು ಎರಡು ಗಂಟೆ. ಪ್ರತಿ ಗುಂಪಿನಲ್ಲಿ ಮೊದಲು ಒಂದೇ ಒಂದು ಕೋಶ ಬೆಳಕು ಗ್ರಹಿಸುವ ಕೆಲಸಕ್ಕೆ ನಿಲ್ಲುತ್ತದೆ. ಅದು ನೆರೆಯವನ್ನು ಜೋಡಿಜೋಡಿಯಾಗಿ ಸೇರಿಸಿಕೊಳ್ಳುತ್ತದೆ, ಕಡೆಗೊಂದು ಸೇರಿ ಎಂಟಾಗುತ್ತವೆ. ಸೆವೆನ್‌ಲೆಸ್ ಎಂಬ ವಂಶವಾಹಿ ಇಲ್ಲದಿದ್ದರೆ ಆ ಕೊನೆಯದಕ್ಕೆ ನೆರೆಯ ಕೋಶದ ಸೂಚನೆ ಮುಟ್ಟದೆ, ಅದು ಮಸೂರ ಕಟ್ಟುವ ಕೋಶವಾಗಿಬಿಡುತ್ತದೆ. ಇಂಥ ಸುಮಾರು 750 ಗುಂಪುಗಳು ಸೇರಿ ಒಂದು ಕಣ್ಣು.

ಇಲ್ಲಿ ಕಣ್ಣಾಗಲಿ ಎಂದು ಮೊದಲು ಹೇಳುವುದು ಯಾರು? ಕಣ್ಣು ಕುಗ್ಗಿದ ಅಥವಾ ಇಲ್ಲವೇ ಇಲ್ಲದ ‘ಐಲೆಸ್’ ನೊಣಗಳ ವರದಿ 1915ರಷ್ಟು ಹಳೆಯದು. 1994ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೆಹ್ರಿಂಗ್ ಅವರ ತಂಡ, ಈ ಐಲೆಸ್ ವಂಶವಾಹಿಯೂ ಇಲಿಯ ಕಣ್ಣು ರೂಪಿಸುವ ವಂಶವಾಹಿಯೂ ಒಂದೇ ಮನೆತನದವೆಂದು ತೋರಿಸಿತು. ಮರುವರ್ಷ ಅದನ್ನು ಕಾಲು, ರೆಕ್ಕೆ, ಕುಡಿಮೀಸೆಗಳ ಬಿಲ್ಲೆಗಳಲ್ಲಿ ಚಾಲೂ ಮಾಡಿದಾಗ ಅಲ್ಲೆಲ್ಲ ಕೆಂಪು ಕಣ್ಣುಗಳು ಎದ್ದವು. ಇಲಿಯ ವಂಶವಾಹಿಯನ್ನೇ ನೊಣದೊಳಗೆ ಚಾಲೂ ಮಾಡಿದರೂ ಕಣ್ಣು ಬಂತು. ಬಂದದ್ದು ಇಲಿಯ ಕಣ್ಣಲ್ಲ, ಸಾಲುಸಾಲು ಮಸೂರಗಳ ನೊಣದ ಕಣ್ಣೇ.

ನನ್ನನ್ನು ಇಂದಿಗೂ ತಡೆದು ನಿಲ್ಲಿಸುವುದು ಈ ಫಲಿತಾಂಶ. ಹಾಗಾದರೆ ಆ ವಂಶವಾಹಿಯಲ್ಲಿ ಕಣ್ಣಿನ ಚಿತ್ರವಿಲ್ಲ. ಅದು ಜಾಗ ಗುರುತಿಸಿ ಕೆಲಸ ಶುರುಮಾಡಿಸುತ್ತದೆ, ಜೊತೆಯ ವಂಶವಾಹಿಗಳನ್ನು ಎಬ್ಬಿಸುತ್ತದೆ. ಎಂಥ ಕಣ್ಣು ಎಂಬುದು ಆ ಕರೆಗೆ ಓಗೊಡುವ ಜೀವಕೋಶಗಳಿಗೆ ಬಿಟ್ಟದ್ದು. ಇಲಿಗೂ ನೊಣಕ್ಕೂ ದಾರಿ ಬೇರೆಯಾಗಿ ಐವತ್ತು ಕೋಟಿ ವರ್ಷಗಳಿಗೂ ಮಿಕ್ಕಿದೆ. ಆದರೂ ಒಂದರ ಕರೆ ಇನ್ನೊಂದಕ್ಕೆ ಅರ್ಥವಾಗುತ್ತದೆ.

ಶೀಶೆಯಲ್ಲಿ ಈಗ ಹುಳುಗಳು ತಿನ್ನುವುದನ್ನು ಬಿಟ್ಟು ಗಾಜು ಏರುತ್ತಿವೆ. ಒಣಜಾಗದಲ್ಲಿ ನಿಂತು, ಬೆಳ್ಳಗೆ ಬಿಗಿದು, ಗಂಟೆಗಳಲ್ಲಿ ಕಂದಾಗಿ ಪ್ಯೂಪಾ ಆಗುತ್ತವೆ. ಒಳಗೆ ಹಳೆಯ ದೇಹ ಬಹುಪಾಲು ಕರಗಿ, ಬಿಲ್ಲೆಗಳು ಬಿಚ್ಚಿಕೊಳ್ಳುತ್ತವೆ. ಕೆಲ ದಿನಗಳಲ್ಲಿ ಕವಚದ ಮೂಲಕ ಎರಡು ಹಳದಿ ಮಚ್ಚೆ ಕಾಣುತ್ತವೆ, ಆಮೇಲೆ ಕಿತ್ತಳೆ, ಆಮೇಲೆ ಕೆಂಪು.

ಈ ಕೆಂಪನ್ನು ಕಂಡವರಿಗೆ ಕಣ್ಣು ಈಗಷ್ಟೇ ಹುಟ್ಟಿತು ಅನ್ನಿಸುತ್ತದೆ. ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ವಿವರಿಸಿದ ಬಿಳಿಗಣ್ಣಿನ ನೊಣ ಬೇರೆಯದನ್ನೇ ಹೇಳುತ್ತದೆ. ಅದರ ಕಣ್ಣಿನಲ್ಲಿ ಮಸೂರಗಳೆಲ್ಲ ಸಾಲಾಗಿಯೇ ಇವೆ, ಬಣ್ಣ ಮಾತ್ರ ಸೇರಿಲ್ಲ. ಬಣ್ಣದ ವಂಶವಾಹಿ ಬೇರೆ, ರೂಪದ್ದು ಬೇರೆ. ಕಣ್ಣಿನ ಸಾಲುಗಳು ಮೊದಲಾದದ್ದು ಈ ಕೆಂಪಿಗೆ ದಿನಗಳ ಹಿಂದೆ, ಹುಳು ಇನ್ನೂ ಬಾಳೆಹಣ್ಣು ಕೆರೆಯುತ್ತಿದ್ದಾಗ.