ತರಗತಿಯ ತೃಪ್ತಿ, ಗಂಟೆ ಲೆಕ್ಕದ ಸಂಬಳ

ಸಯನ್ ಕಾಲೇಜುಗಳ ಊರು. 1932ರಲ್ಲಿ ಹುಟ್ಟಿದ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿಯ ಎಸ್‌ಐಇಎಸ್ ಕಾಲೇಜುಗಳು ಇಲ್ಲಿವೆ. ಪಕ್ಕದ ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ನಮ್ಮವರ ಹೋಟೆಲುಗಳಿವೆ. ಎಂ.ಕಾಂ., ಎಂಬಿಎ ಮುಗಿಸಿದ ನಮ್ಮೂರ ಹುಡುಗರಿಗೆ ಈ ಕಡೆ ಉಪನ್ಯಾಸಕರಾಗುವ ಆಸೆ. ನನಗೆ ಆಗಾಗ ಫೋನ್ ಬರುತ್ತದೆ: ‘ಸರ್, ಬರಬಹುದಾ?’

ನಾನೂ ಹಾಗೆಯೇ ಬಂದವನು. ಈಗ ಮನೆ ಸಯನ್‌ನಲ್ಲಿ. ಮೊದಲು ಪಾಠ ಮಾಡಿದ್ದು ಉಪನಗರದ ಬೇರೊಂದು ಕಾಲೇಜಿನಲ್ಲಿ, ಗಂಟೆ ಲೆಕ್ಕದಲ್ಲಿ. ಇಲ್ಲಿ ಅದನ್ನು ‘ಸಿಎಚ್‌ಬಿ’ ಎನ್ನುತ್ತಾರೆ. ತೆಗೆದುಕೊಂಡ ಪಾಠಕ್ಕಷ್ಟೇ ದುಡ್ಡು. ದೀಪಾವಳಿ ರಜೆ, ಬೇಸಿಗೆ ರಜೆ ಬಂದರೆ ಕೈ ಖಾಲಿ. ಕರ್ನಾಟಕದ ಅತಿಥಿ ಉಪನ್ಯಾಸಕರ ಪಾಡು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಏಳನೇ ವೇತನ ಆಯೋಗದ ಪ್ರಕಾರ ಕಾಯಂ ಸಹಾಯಕ ಪ್ರಾಧ್ಯಾಪಕರ ಮೂಲವೇತನ 57,700 ರೂಪಾಯಿಯಿಂದ ಶುರು. ಸ್ಟಾಫ್ ರೂಮಿನ ಒಂದೇ ಮೇಜಿನಲ್ಲಿ ಇಬ್ಬರೂ ಕೂರುತ್ತಾರೆ, ಒಂದೇ ವಿಷಯ ಕಲಿಸುತ್ತಾರೆ.

ಮುಂಬೈ ವಿಶ್ವವಿದ್ಯಾಲಯದಲ್ಲಿ ಬಿಎಂಎಸ್‌ನಂಥ ಕೋರ್ಸುಗಳು ಬಂದ ಮೇಲೆ ನಮ್ಮ ವಿಷಯಕ್ಕೆ ಬೇಡಿಕೆ ಹೆಚ್ಚಿತು. ಆದರೆ ಇವು ಸ್ವಯಂ ಹಣಕಾಸಿನ ಕೋರ್ಸುಗಳು. ಸರ್ಕಾರದ ವೇತನಾನುದಾನ ಇಲ್ಲ, ವಿದ್ಯಾರ್ಥಿಗಳ ಶುಲ್ಕದಿಂದಲೇ ಸಂಬಳ. ಹಾಗಾಗಿ ಪಾಠಗಳು ಹೆಚ್ಚಿದಷ್ಟು ಕಾಯಂ ಹುದ್ದೆಗಳು ಹೆಚ್ಚಲಿಲ್ಲ.

ವಿಚಿತ್ರವೆಂದರೆ, ಇದರ ವಿಶ್ಲೇಷಣೆಯನ್ನು ನಾವೇ ಕಲಿಸುತ್ತೇವೆ. ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರು, ಲೆಕ್ಕಿಗರನ್ನು ಮಾತನಾಡಿಸಿ 1959ರಲ್ಲಿ ಪುಸ್ತಕ ಬರೆದರು. ಸಾಧನೆ, ಮನ್ನಣೆ ಮತ್ತು ಕೆಲಸದ ಸ್ವರೂಪ ತೃಪ್ತಿ ಕೊಡುತ್ತವೆ. ಸಂಬಳ, ಭದ್ರತೆ, ಆಡಳಿತದ ಕೊರತೆ ಅತೃಪ್ತಿ ತರುತ್ತದೆ ಎಂಬುದು ಅವರ ವಾದ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಇವು ಎರಡು ಬೇರೆ ಖಾತೆಗಳು. ಒಂದರ ಜಮೆಯಿಂದ ಇನ್ನೊಂದರ ಬಾಕಿ ತೀರುವುದಿಲ್ಲ.

‘ಬೋಧನೆ ಪುಣ್ಯದ ಕೆಲಸ, ದುಡ್ಡಿನ ಮುಖ ನೋಡಬಾರದು’ ಎನ್ನುವವರು ಇದನ್ನೇ ಮರೆಯುತ್ತಾರೆ. ಧಾರಾವಿಯಿಂದ ಬರುವ ಹುಡುಗಿಗೆ ಬ್ಯಾಲೆನ್ಸ್ ಶೀಟ್ ಮೊದಲ ಸಲ ತಾಳೆಯಾದಾಗ ಅವಳ ಮುಖ ನೋಡುವ ಖುಷಿ ನಿಜ. ತಿಂಗಳ ಕೊನೆಯ ಮನೆ ಬಾಡಿಗೆಯೂ ಅಷ್ಟೇ ನಿಜ.

ಆದ್ದರಿಂದ ಫೋನ್ ಮಾಡುವವರಿಗೆ ‘ಬೇಡ’ ಎನ್ನುವುದಿಲ್ಲ. ಸಂದರ್ಶನದಲ್ಲಿ ಮೂರು ಪ್ರಶ್ನೆ ಕೇಳಿ ಎನ್ನುತ್ತೇನೆ. ಹುದ್ದೆ ಅನುದಾನಿತವೇ? ನೇಮಕಕ್ಕೆ ವಿಶ್ವವಿದ್ಯಾಲಯದ ಅನುಮೋದನೆ ಸಿಗುತ್ತದೆಯೇ? ರಜೆಯ ತಿಂಗಳಲ್ಲಿ ಸಂಬಳ ಉಂಟೇ? ಉತ್ತರವನ್ನು ಬರವಣಿಗೆಯಲ್ಲಿ ಪಡೆದುಕೊಂಡು, ಆಮೇಲೆ ರೈಲು ಹತ್ತಿ.