ಆಜ್ಞೆ ಮತ್ತು ದಿನಚರಿ

ಹಿಂದೆ ನಮ್ಮ ಮನೆಗಳಲ್ಲಿ ಅಂಚೆಯಲ್ಲಿ ಬಂದ ಕಾಗದಗಳನ್ನು ಓದಿ ಎಸೆಯುವ ವಾಡಿಕೆ ಇರಲಿಲ್ಲ. ಕೊಕ್ಕೆಯಂತೆ ಬಗ್ಗಿಸಿದ ತಂತಿಗೆ ಅವುಗಳನ್ನು ಚುಚ್ಚಿ ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದರು. ಎಷ್ಟೋ ವರ್ಷಗಳ ಬಳಿಕ ಜಮೀನಿನ ಮಾತೋ ಸಾಲದ ಲೆಕ್ಕವೋ ಎದ್ದಾಗ ಆ ತಂತಿಯೇ ಸಾಕ್ಷಿ ನುಡಿಯುತ್ತಿತ್ತು. ಆದರೆ ಆ ಕಾಗದಗಳಿಗೆ ಪ್ರತಿಯಿರಲಿಲ್ಲ. ಗೆದ್ದಲು ಹಿಡಿದರೆ ಅಲ್ಲಿಗೆ ಮುಗಿಯಿತು.

ಇಂದು ಕಾಗದದ ಸ್ಥಾನವನ್ನು ಬಹುಮಟ್ಟಿಗೆ ಇ-ಮೇಲ್ ಪಡೆದಿದೆ. ಪತ್ರವು ನಮ್ಮ ಕೈಯಲ್ಲಿರುವ ಯಂತ್ರದಲ್ಲಿಯೇ ಇರುವಂತೆ ತೋರಿದರೂ, ಸಾಮಾನ್ಯವಾಗಿ ಅದು ಉಳಿದಿರುವುದು ಎಲ್ಲಿಯೋ ದೂರದ ಸರ್ವರ್ ಎಂಬ ಗಣಕಯಂತ್ರದಲ್ಲಿ. ಅಲ್ಲಿಯೂ ಗೆದ್ದಲಿನ ಭಯವುಂಟು. 2011ರ ಫೆಬ್ರುವರಿ ತಿಂಗಳ ಕೊನೆಯಲ್ಲಿ ಗೂಗಲ್ ಸಂಸ್ಥೆಯ ಜಿಮೇಲ್ ಬಳಸುವವರಲ್ಲಿ ಶೇಕಡಾ 0.02ರಷ್ಟು ಜನರ ಪತ್ರಗಳು ತಂತ್ರಾಂಶದ ಒಂದು ದೋಷದಿಂದ ಕಾಣದಾದವು. ಜಾಲದ ಸಂಪರ್ಕವಿಲ್ಲದ ಕಾಂತೀಯ ಟೇಪುಗಳಲ್ಲಿ ಪ್ರತಿ ಇದ್ದುದರಿಂದ ಅವು ಮರಳಿ ದೊರೆತವು. ಹೀಗೆ ತೆಗೆದಿರಿಸುವ ಪ್ರತಿಗೆ ಬ್ಯಾಕಪ್ ಎನ್ನುತ್ತಾರೆ.

ಈ ಪ್ರತಿಯನ್ನು ತೆಗೆಯುವವರು ಯಾರು? ಸಾಮಾನ್ಯವಾಗಿ ನಡುರಾತ್ರಿಯಲ್ಲಿ, ಕೆಲಸದ ಒತ್ತಡ ಕಡಿಮೆಯಿರುವಾಗ, ತಂತ್ರಾಂಶವೇ ಈ ಕಾರ್ಯವನ್ನು ನೆರವೇರಿಸುತ್ತದೆ. ಆ ಹೊತ್ತಿನಲ್ಲಿ ಪರದೆಯ ಮುಂದೆ ಕುಳಿತು ಗುಂಡಿ ಒತ್ತುವವರು ಇರುವುದಿಲ್ಲ. ಆದುದರಿಂದ ಆಜ್ಞೆಯನ್ನು ಒಂದು ಸಾಲಿನಲ್ಲಿ ಬರೆದು ಯಂತ್ರಕ್ಕೆ ಒಪ್ಪಿಸುತ್ತಾರೆ. ಇದೇ ಕಮ್ಯಾಂಡ್ ಲೈನ್. ತಂತ್ರಾಂಶದ ಹೆಸರಿನ ಮುಂದೆ ಒಂದೋ ಎರಡೋ ಅಡ್ಡಗೆರೆಗಳನ್ನೆಳೆದು ಬರೆಯುವ ಅಕ್ಷರ ಅಥವಾ ಪದಕ್ಕೆ 'ಆಯ್ಕೆ' ಎಂದು ಹೆಸರು. ಕೆಲಸ ಯಾವ ರೀತಿಯಲ್ಲಿ ನಡೆಯಬೇಕೆಂಬುದನ್ನು ಅದು ತಿಳಿಸುತ್ತದೆ.

ಯಾರ ಪತ್ರಗಳನ್ನು ನಕಲಿಸಬೇಕು, ಪ್ರತಿಯನ್ನು ಎಲ್ಲಿ ಇಡಬೇಕು, ಹಳೆಯ ಪ್ರತಿಗಳನ್ನು ಎಷ್ಟು ದಿನ ಉಳಿಸಬೇಕು ಎಂಬ ನಿತ್ಯದ ನಿಯಮಗಳನ್ನು ಒಂದು ಸಂರಚನಾ ಕಡತದಲ್ಲಿ ಬರೆದಿಡುವುದುಂಟು. ಯಾವ ಕಡತವನ್ನು ಓದಬೇಕೆಂದು ಒಂದು ಆಯ್ಕೆ ಸೂಚಿಸುತ್ತದೆ. ಕಡತದಲ್ಲಿ ಒಂದು ವಿಧವಾಗಿಯೂ ಆಜ್ಞೆಯ ಸಾಲಿನಲ್ಲಿ ಬೇರೊಂದು ವಿಧವಾಗಿಯೂ ಇದ್ದರೆ, ಬಹುತೇಕ ತಂತ್ರಾಂಶಗಳಲ್ಲಿ ಸಾಲಿನ ಮಾತೇ ನಡೆಯುತ್ತದೆ. ಶಾಲೆಗೆ ವರ್ಷಪೂರ್ತಿ ವೇಳಾಪಟ್ಟಿ ಇದ್ದರೂ, ಮುಖ್ಯೋಪಾಧ್ಯಾಯರು ಬೆಳಿಗ್ಗೆ ಕಳುಹಿಸಿದ ಸೂಚನೆ ಆ ದಿನದ ಮಟ್ಟಿಗೆ ಮೇಲುಗೈ ಪಡೆಯುವುದಿಲ್ಲವೇ? ಇದೂ ಹಾಗೆಯೇ.

ಯಂತ್ರಕ್ಕೆ ವಿವೇಚನೆಯಿಲ್ಲ, ಹೇಳಿದುದನ್ನು ಮಾತ್ರ ಮಾಡುತ್ತದೆ. 1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಅವರು ಪ್ರಕಟಿಸಿದ 'ಆರ್‌ಸಿಂಕ್' ಎಂಬ ನಕಲು ತಂತ್ರಾಂಶದಲ್ಲಿ 'ಡಿಲೀಟ್' ಎಂಬ ಆಯ್ಕೆಯಿದೆ. ಮೂಲದಲ್ಲಿ ಇಲ್ಲದುದನ್ನು ಅದು ಪ್ರತಿಯಿಂದಲೂ ಅಳಿಸುತ್ತದೆ. ಮೂಲ ಯಾವುದು, ಪ್ರತಿ ಯಾವುದು ಎಂಬುದು ಅದಲುಬದಲಾದರೆ ಗತಿಯೇನು? ಅದಕ್ಕಾಗಿಯೇ 'ಡ್ರೈ ರನ್' ಎಂಬ ಇನ್ನೊಂದು ಆಯ್ಕೆಯನ್ನಿಟ್ಟಿದ್ದಾರೆ. ಆಗ ತಂತ್ರಾಂಶವು ಏನನ್ನೂ ಮುಟ್ಟದೆ, ತಾನು ಏನು ಮಾಡಲಿದ್ದೇನೆಂದು ಮಾತ್ರ ತೋರಿಸುತ್ತದೆ. ಬಟ್ಟೆ ಕತ್ತರಿಸುವ ಮುನ್ನ ಅಳತೆಯನ್ನು ಮತ್ತೊಮ್ಮೆ ನೋಡುವ ದರ್ಜಿಯ ಎಚ್ಚರಿಕೆ ಇದು.

ಕತ್ತಲಲ್ಲಿ ನಡೆದ ಕೆಲಸದ ವರದಿ ಬೆಳಗಾದಾಗ ದೊರೆಯಬೇಕು. ಅದೇ ಲಾಗ್, ಅಂದರೆ ದಿನಚರಿ. ಹಿಂದೆ ನಾವಿಕರು ಹಡಗಿನ ವೇಗವನ್ನು ಅಳೆಯಲು ಹಗ್ಗಕ್ಕೆ ಕಟ್ಟಿದ ಮರದ ತುಂಡನ್ನು ನೀರಿಗೆ ಎಸೆಯುತ್ತಿದ್ದರು. ಆ ತುಂಡಿನ ಹೆಸರೇ ಮೊದಲು ಲೆಕ್ಕದ ಪುಸ್ತಕಕ್ಕೆ, ಬಳಿಕ ಗಣಕದ ದಾಖಲೆಗೆ ಬಂದಿತು. 1980ರ ದಶಕದಲ್ಲಿ ಅಮೆರಿಕದ ಎರಿಕ್ ಆಲ್ಮನ್ ಅವರು 'ಸೆಂಡ್‌ಮೇಲ್' ಎಂಬ ಇ-ಮೇಲ್ ತಂತ್ರಾಂಶಕ್ಕಾಗಿ 'ಸಿಸ್‌ಲಾಗ್' ಎಂಬ ದಾಖಲೆಯ ಪದ್ಧತಿಯನ್ನು ರೂಪಿಸಿದರು. ಅದರಲ್ಲಿ ಎಂಟು ಮಟ್ಟಗಳಿವೆ. 0 ಎಂದರೆ ವ್ಯವಸ್ಥೆಯೇ ಕುಸಿದಿದೆ, 3 ಎಂದರೆ ದೋಷ, 4 ಎಚ್ಚರಿಕೆ, 6 ಸಾಮಾನ್ಯ ಮಾಹಿತಿ, 7 ಎಂದರೆ ದೋಷ ಹುಡುಕುವವರಿಗೆ ಬೇಕಾದ ಸಣ್ಣಪುಟ್ಟ ವಿವರಗಳೆಲ್ಲ. ಯಾವ ಮಟ್ಟದವರೆಗೆ ಬರೆಯಬೇಕೆಂಬುದನ್ನು ನಾವು ಆರಿಸುತ್ತೇವೆ. ತೀರ ಕಡಿಮೆ ಬರೆಸಿದರೆ ಎಚ್ಚರಿಕೆಯೇ ದಾಖಲಾಗದು. ಎಲ್ಲವನ್ನೂ ಬರೆಸಿದರೆ ಮುಖ್ಯವಾದುದು ರಾಶಿಯಲ್ಲಿ ಹೂತುಹೋಗುವುದು.

ಆದರೆ ವರದಿ ಯಾರನ್ನೂ ತಲುಪದಿದ್ದರೆ ಏನಾಗುತ್ತದೆ? ಇ-ಮೇಲಿಗೆ ಸಂಬಂಧಿಸಿದ್ದಲ್ಲದಿದ್ದರೂ ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಪ್ರಸಂಗ ಇಲ್ಲಿ ಸ್ಮರಣೀಯ. ತಂತ್ರಾಂಶ ರಚಿಸುವವರ ಬರಹಗಳನ್ನು ಅದು ಕಾಯ್ದಿಡುತ್ತದೆ. 2017ರ ಜನವರಿ 31ರಂದು ಅಲ್ಲಿಯ ಎಂಜಿನಿಯರೊಬ್ಬರು ಅಳಿಸುವ ಆಜ್ಞೆಯನ್ನು ತಪ್ಪು ಸರ್ವರಿಗೆ ನೀಡಿದರು. ಕ್ಷಣದಲ್ಲಿಯೇ ತಡೆದರೂ ಸುಮಾರು 300 ಗಿಗಾಬೈಟ್ ಮಾಹಿತಿ ಅಳಿದುಹೋಗಿತ್ತು. ಬ್ಯಾಕಪ್ಪನ್ನು ಹುಡುಕಿದರೆ ಅದೂ ಇರಲಿಲ್ಲ! ನಕಲು ತೆಗೆಯುವ ತಂತ್ರಾಂಶದ ಆವೃತ್ತಿಯು ಮೂಲಕ್ಕೆ ಹೊಂದದೆ ಕೆಲಸ ವಿಫಲವಾಗುತ್ತಲೇ ಬಂದಿತ್ತು. ಅದನ್ನು ತಿಳಿಸಬೇಕಾದ ಇ-ಮೇಲ್‌ಗಳನ್ನು, ಕಳುಹಿಸಿದವರ ಗುರುತು ದೃಢವಾಗಲಿಲ್ಲವೆಂದು ಸ್ವೀಕರಿಸುವ ಸರ್ವರು ತಿರಸ್ಕರಿಸಿತ್ತು. ಬೇರೆ ಉದ್ದೇಶಕ್ಕಾಗಿ ಆರು ಗಂಟೆಗಳ ಹಿಂದೆ ತೆಗೆದಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು. ನಡುವಿನ ಆರು ಗಂಟೆಗಳ ಮಾಹಿತಿ ಮಾತ್ರ ಮರಳಿ ಬರಲಿಲ್ಲ. ಆ ಸಂಸ್ಥೆ ತನ್ನ ತಪ್ಪುಗಳನ್ನು ಮುಚ್ಚಿಡದೆ ಬಹಿರಂಗವಾಗಿ ಬರೆದು ಪ್ರಕಟಿಸಿದ್ದು ಪ್ರಶಂಸನೀಯ.

ಆಜ್ಞೆ ಸ್ಪಷ್ಟವಾಗಿರಬೇಕು, ದಿನಚರಿ ಪ್ರಾಮಾಣಿಕವಾಗಿರಬೇಕು ಎಂಬುದು ನಿಜ. ಆದರೆ ಆ ದಿನಚರಿಯನ್ನು ನಿತ್ಯವೂ ತೆರೆದು ಓದುವ, ಆಗಾಗ ಪ್ರತಿಯಿಂದ ಒಂದು ಪತ್ರವನ್ನು ಮರಳಿ ಪಡೆದು ಪರೀಕ್ಷಿಸುವ ಮನುಷ್ಯ ಇಲ್ಲದಿದ್ದರೆ ಎರಡೂ ವ್ಯರ್ಥ. ಕಾವಲುಗಾರನನ್ನು ನೇಮಿಸಿದ ಮಾತ್ರಕ್ಕೆ ಮನೆಯ ಯಜಮಾನನ ಹೊಣೆ ತೀರುವುದಿಲ್ಲ.